ಎತ್ತದ ಕೈ

"ನಿಮ್ಮ ಹತ್ರ ಒಂದು ಸೈಕಲ್ ಕೂಡ ಇಲ್ಲ. ಕ್ಯಾಮೆರಾ ಬಂದ್ರೆ ನಿಮಗೇನಮ್ಮ ತೊಂದರೆ?"

ಔಷಧಿ ಅಂಗಡಿಯವರು ಕೇಳಿದ್ದು ನಗುತ್ತಲೇ. ಆದರೂ ಶಾಲೆಯ ಸಭಾಂಗಣದಲ್ಲಿ ಕೂತಿದ್ದ ಅರವತ್ತು ಮಂದಿಯೂ ಟೈಲರಮ್ಮನ ಕಡೆ ತಿರುಗಿದರು.

"ನನಗಿಲ್ಲ. ನನ್ನ ಅಂಗಡಿಗೆ ಬರೋರಿಗಿದೆ," ಎಂದಳು ಆಕೆ.

ಬಡಾವಣೆಗೆ ಬಂದು ಸೇರುವ ನಾಲ್ಕು ರಸ್ತೆಗಳಲ್ಲೂ ಕ್ಯಾಮೆರಾ ಹಾಕುತ್ತೇವೆ, ಹಾದುಹೋಗುವ ಪ್ರತಿ ವಾಹನದ ನಂಬರನ್ನೂ ದಿನ, ಹೊತ್ತಿನ ಸಮೇತ ದಾಖಲಿಸುತ್ತೇವೆ ಎಂದಿತ್ತು ನಗರಸಭೆ. ನಿವಾಸಿಗಳು ಬೇಡವೆಂದರೆ ಕೈಬಿಡುತ್ತೇವೆ ಎಂದೂ ಹೇಳಿತ್ತು. ಬೇಡವೆನ್ನುವವರನ್ನು ಒಟ್ಟುಗೂಡಿಸಿದ್ದು ಟೈಲರಮ್ಮ. ಇಲ್ಲಿಗೆ ಬಂದು ವರ್ಷವೂ ತುಂಬಿರದ ಹೆಂಗಸು. ಪ್ಯಾಂಟಿನ ಅಂಚು ಮಡಿಸಿಕೊಡುತ್ತ, ಜಿಪ್ ಬದಲಿಸುತ್ತ ನೂರ ನಲವತ್ತು ಸಹಿ ಹಾಕಿಸಿದ್ದಳು. "ಅದನ್ನ ನೋಡ್ತಾ ಕೂರೋರು ಯಾರು? ಕೇಳಿದವರಿಗೆಲ್ಲ ತೋರಿಸಲ್ಲ ಅಂತ ಏನು ಗ್ಯಾರಂಟಿ?" ಆಕೆಯ ವಾದವೆಲ್ಲ ಇಷ್ಟೇ.

ಬೆನ್ನ ಹಿಂದೆ ಮಾತು ಇದ್ದೇ ಇತ್ತು. ಪ್ರತಿ ಗುರುವಾರ ಮಧ್ಯಾಹ್ನ ಆಕೆ ಅಂಗಡಿಯ ಬಾಗಿಲೆಳೆದು ಎರಡು ಗಂಟೆ ಕಾಣೆಯಾಗುತ್ತಿದ್ದಳು. ಎಲ್ಲಿಗೆಂದು ಕೇಳಿದರೆ, ಗುಂಡಿ ತರೋಕೆ ಎನ್ನುತ್ತಿದ್ದಳು. "ಎರಡು ಗಂಟೆ ಹುಡುಕೋ ಗುಂಡಿ ಯಾವ ಅಂಗಿಗಪ್ಪಾ," ಎಂದು ಔಷಧಿ ಅಂಗಡಿಯವರ ಹೆಂಡತಿ ನಕ್ಕಿದ್ದುಂಟು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂದು ಇನ್ನಾರೋ ಸೇರಿಸಿದ್ದರು.

ಇನ್ನೇನು ಕೈ ಎಣಿಸಬೇಕು ಎನ್ನುವಷ್ಟರಲ್ಲಿ ಬಾಗಿಲ ಬಳಿ ಒಬ್ಬ ಎದ್ದು ನಿಂತ. ಇಸ್ತ್ರಿ ಮಾಡಿದ ಅಂಗಿ, ನಾಲ್ಕು ದಿನದ ಗಡ್ಡ.

"ನಾನು ಈ ಬಡಾವಣೆಯವನಲ್ಲ. ಒಂದೇ ಮಾತು ಹೇಳಿ ಹೋಗ್ತೀನಿ," ಎಂದ. "ನನ್ನ ಹೆಂಡತಿ ಮಗಳನ್ನ ಕರ್ಕೊಂಡು ಮನೆ ಬಿಟ್ಟು ಹೋಗಿ ಹನ್ನೊಂದು ತಿಂಗಳಾಯ್ತು. ಮಗಳಿಗಿನ್ನೂ ನಾಲ್ಕು ವರ್ಷ. ಬೂದಿ ಬಣ್ಣದ ಸಣ್ಣ ಕಾರು. ಈ ಕಡೆ ಅದನ್ನ ನೋಡಿದವರಿದ್ದಾರೆ. ಯಾವ ರಸ್ತೆ, ಯಾವ ದಿನ ಅನ್ನೋದೊಂದು ಗೊತ್ತಾದ್ರೆ ಸಾಕು."

ಕಾರಿನ ನಂಬರನ್ನೂ ಹೇಳಿದ. ಅವನು ತಂದ ಫೋಟೋ ಕೈಯಿಂದ ಕೈಗೆ ಹೋಯಿತು. ಹೆಂಗಸರು ಕಣ್ಣೊರೆಸಿಕೊಂಡರು. ಟೈಲರಮ್ಮ ಮಾತ್ರ ಅದನ್ನು ನೋಡದೆಯೇ ಮುಂದಕ್ಕೆ ದಾಟಿಸಿದಳು.

"ಪೊಲೀಸರಿಗೆ ದೂರು ಕೊಟ್ಟಿದ್ದೀರಾ?" ಎಂದು ಕೇಳಿದಳು.

"ಮನೆ ವಿಷಯ ಅಮ್ಮ, ಬೀದಿಗೆ ಯಾಕೆ ತರೋದು? ಕ್ಯಾಮೆರಾ ನೋಡೋ ಕಡೆ ನನಗೆ ಗುರುತಿನವರಿದ್ದಾರೆ. ಅವರೇ ಹೇಳ್ತಾರೆ."

ಇಷ್ಟು ದಿನ ಆಕೆ ಬಡಕೊಂಡಿದ್ದು ಇದನ್ನೇ. ಯಾರ ಕಿವಿಗೂ ಬೀಳಲಿಲ್ಲ. ಇನ್ನೊಂದು ಮಾತು ಗಂಟಲವರೆಗೆ ಬಂತು. ಅದನ್ನಾಡಿದರೆ, ನಿಮಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳದೆ ಬಿಡುತ್ತಿರಲಿಲ್ಲ. ನುಂಗಿಕೊಂಡಳು.

ಅವನು ನೇರ ಆಕೆಯ ಎದುರಿಗೇ ಬಂದು ಕೈಮುಗಿದ. "ಇಲ್ಲಿ ಎಲ್ಲರೂ ನಿಮ್ಮ ಮಾತು ಕೇಳ್ತಾರಂತೆ. ನಿಮಗೂ ಮಕ್ಕಳಿರಬೇಕಲ್ಲ ಅಮ್ಮ?"

"ಒಬ್ಬ ಮಗ."

"ಅವನೇ ಹೀಗೆ ಬಂದು ನಿಂತ್ರೆ?"

"ಆಗ್ಲೂ ನಾನು ಕೈ ಎತ್ತಲ್ಲ."

ಅವನು ಮುಗಿದ ಕೈ ಇಳಿಸದೆ ಆಕೆಯನ್ನೇ ಒಂದು ಗಳಿಗೆ ನೋಡಿ, ಹಿಂದಕ್ಕೆ ಸರಿದ.

ಆಮೇಲೆ ಎಣಿಸುವುದಕ್ಕೇನೂ ಇರಲಿಲ್ಲ. ಸಹಿ ಹಾಕಿದ್ದವರೇ ಕ್ಯಾಮೆರಾ ಬೇಕೆಂದು ಕೈ ಎತ್ತಿದರು. ಎತ್ತದೆ ಕೂತವರು ನಾಲ್ವರು.

"ನಿಮ್ಮದು ಕಲ್ಲೆದೆ ಬಿಡಿ," ಎಂದರು ಔಷಧಿ ಅಂಗಡಿಯವರು, ಮೆಟ್ಟಿಲಿಳಿಯುವಾಗ. ಈಗ ಅವರ ಮುಖದಲ್ಲಿ ನಗುವಿರಲಿಲ್ಲ. "ಆ ಮನುಷ್ಯನನ್ನ ನೋಡಿಯೂ ಕರಗಲಿಲ್ವಲ್ಲ."

ಆಕೆ ಸುಮ್ಮನೆ ತಲೆಯಾಡಿಸಿ ನಡೆದಳು. ದಾರಿಯಲ್ಲಿ ಎರಡು ಸಲ ತಿರುಗಿ ನೋಡಿದಳು. ಅಂಗಡಿಗೆ ಬಂದು ಒಳಗಿನಿಂದ ಚಿಲಕ ಹಾಕಿ ಫೋನ್ ಹಚ್ಚಿದಳು.

"ಬಂದಿದ್ದ," ಎಂದಳು.

ಆ ಕಡೆ ಬಾಗಿಲು ಮುಚ್ಚಿ ಚಿಲಕ ಹಾಕಿದ ಸದ್ದು ಕೇಳಿಸಿತು.

"ನಿಮ್ಮ ಕಾರಿನ ನಂಬರು ಈಗ ಇಲ್ಲಿ ಎಲ್ಲರಿಗೂ ಗೊತ್ತು. ಇನ್ನು ಗುರುವಾರ ನೀವಿಬ್ರೂ ಈ ಕಡೆ ತಲೆ ಹಾಕಬೇಡಿ. ನಾನೂ ಬರಲ್ಲ, ನನ್ನ ಹಿಂದೇನೇ ಬರ್ತಾನೆ."

"ಪುಟ್ಟಿ ಕೇಳಿದ್ರೆ ಏನು ಹೇಳ್ಲಿ?"

"ಏನಾದ್ರೂ ಹೇಳು. ನಿನ್ನ ಕೈ ಹೇಗಿದೆ?"

"ಮಡಚೋಕೆ ಬರುತ್ತೆ. ಭಾರ ಎತ್ತೋಕಾಗಲ್ಲ."

ಹೊರಗೆ ಯಾರದೋ ಹೆಜ್ಜೆ ಸದ್ದು ಅಂಗಡಿಯ ಮುಂದೆ ನಿಧಾನವಾಗಿ, ಮತ್ತೆ ಮುಂದಕ್ಕೆ ಹೋಯಿತು. ಅದು ಪೂರ್ತಿ ಅಡಗುವವರೆಗೂ ಆಕೆ ಬಾಯಿ ಬಿಡಲಿಲ್ಲ.

"ತುಂಬಾ ಸೊರಗಿಹೋಗಿದ್ದಾನೆ ಕಣೇ ನಿನ್ನ ಗಂಡ," ಎಂದಳು ಕೊನೆಗೆ, "ಎಷ್ಟಾದ್ರೂ ಅವನನ್ನ ಹೆತ್ತ ಹೊಟ್ಟೆ ನೋಡು, ಕಂಡು ತಡಕೊಳ್ಳೋಕಾಗಲಿಲ್ಲ."