ಎಡಕ್ಕೆ ವಾಲುವ ಹೆಲಿಕಾಪ್ಟರ್

ಅಣ್ಣ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ ಮೇಲೆ, ಶಾಲ್ಮಲಿ ಪೈಲಟ್ ಆಗುವುದಕ್ಕೆ ಅಮ್ಮ ಒಪ್ಪಲೇ ಇಲ್ಲ. ಬೆನ್ನಿಗೆ ನಿಂತವರು ಅಪ್ಪ. ಅವಳು ಸೇರಿದ ಪೈಲಟ್ ತರಬೇತಿ ಶಾಲೆಯಲ್ಲೇ ಅವರು ತರಬೇತುದಾರರು.

ಆದರೆ ಸಿಮ್ಯುಲೇಟರ್‌ನಲ್ಲಿ ಅವಳ ಹೆಲಿಕಾಪ್ಟರ್ ಎಷ್ಟು ಹಿಡಿದರೂ ಎಡಕ್ಕೆ ವಾಲಿ ಬೀಳುತ್ತಿತ್ತು. ಮೂರನೆಯ ಪರೀಕ್ಷೆಯಲ್ಲೂ ಬಿದ್ದಾಗ ಅವಳನ್ನು ತರಬೇತಿಯಿಂದ ಕೈಬಿಟ್ಟರು.

"ಅಳಬೇಡ ಪುಟ್ಟಾ, ಎಲ್ರ ಕೈಗೂ ಅದು ಪಳಗಲ್ಲ," ಎಂದು ಅಪ್ಪ ಅವಳ ಕಣ್ಣೊರೆಸಿದರು.

ಮರುದಿನ ಸಿಮ್ಯುಲೇಟರ್ ನೋಡಿಕೊಳ್ಳುವ ಇಂಜಿನಿಯರ್ ಅವಳನ್ನು ಕರೆದ.

"ಮೇಡಂ, ತಪ್ಪು ನಿಮ್ಮದಲ್ಲ. ಹೆಲಿಕಾಪ್ಟರನ್ನ ಸಮತೋಲನದಲ್ಲಿ ಇಡೋ ಸಿಸ್ಟಮ್ಮನ್ನ ನೀವು ಕೂತಾಗೆಲ್ಲ ಆಫ್ ಮಾಡಿದಾರೆ."

"ಅಪ್ಪಂಗೆ ಹೇಳ್ತೀನಿ. ಯಾರೇ ಆಗಿರ್ಲಿ, ಅವರು ಸುಮ್ನೆ ಬಿಡಲ್ಲ!"

ಇಂಜಿನಿಯರ್ ತಲೆ ತಗ್ಗಿಸಿದ. "ಆಫ್ ಮಾಡೋಕೆ ಬಳಸಿರೋ ಪಾಸ್‌ವರ್ಡ್ ಅವರದೇ, ಮೇಡಂ."