ಕೊಟ್ಟಿಗೆಯಲ್ಲೊಂದು ಮೆತ್ತನೆಯ ಮಾತು

“ಕಿವುಡಿ! ತೆಗೀತೀಯೋ, ಒದೀಲೋ?”

ಹಾಲು ಕರೆಯುವ ಯಂತ್ರದ ಕಬ್ಬಿಣದ ಬಾಗಿಲು ತಟ್ಟನೆ ಸರಿಯಿತು. ಕಪ್ಪು ಹಸು ತನ್ನ ಪಾಡಿಗೆ ಒಳಗೆ ಹೋಗಿ ನಿಂತಿತು. ಹಾಲಿನ ವ್ಯಾನಿನ ಚಾಲಕ ಹೊಟ್ಟೆ ಹಿಡಿದುಕೊಂಡು ನಕ್ಕ.

“ಇನ್ನೊಂದು ಬಿಡಣ್ಣಾ! ನೀರಿಗೊಂದು!”

“ಮೂದೇವಿ, ನಿನ್ನ ಗಂಟಲು ಕಟ್ಟಿಹೋಗ!” ಎಂದ ಕೊಟ್ಟಿಗೆಯಾತ. ಕೊಳವೆಯಿಂದ ಬೆಚ್ಚನೆಯ ನೀರು ಚಿಮ್ಮಿ ಕೆಚ್ಚಲು ತೊಳೆಯಿತು.

ಯಂತ್ರ ಬಂದ ಹೊಸದರಲ್ಲಿ ಹೀಗಿರಲಿಲ್ಲ. ಬಾಯಲ್ಲಿ ಹೇಳಿದರೆ ಸಾಕು, ಎಲ್ಲ ಮಾಡುತ್ತದೆ ಎಂದು ಕಂಪನಿಯವರು ಕೊಟ್ಟಿಗೆಯ ಯಜಮಾನರನ್ನು ಒಪ್ಪಿಸಿ ಹೋಗಿದ್ದರು. ಕೊಟ್ಟಿಗೆಯಾತ ಏನು ಹೇಳಿದರೂ ಅದರೊಳಗಿನ ಹೆಣ್ಣುದನಿ, “ಕ್ಷಮಿಸಿ, ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ” ಎನ್ನುತ್ತಿತ್ತು. ಮತ್ತೊಮ್ಮೆ ಹೇಳಿ ಹೇಳಿ ತಾಳ್ಮೆ ಕೆಟ್ಟು ಬೈಗುಳ ಶುರುವಾಯಿತು. ಬೈಸಿಕೊಳ್ಳುತ್ತ ಬೈಸಿಕೊಳ್ಳುತ್ತ ಯಂತ್ರ ನಿಧಾನಕ್ಕೆ ದಾರಿಗೆ ಬಂತು.

“ಹೆದರಿಸಿದ್ರೆ ಯಂತ್ರನೂ ಬಗ್ಗುತ್ತೆ ನೋಡು.”

“ಮೊಬೈಲ್ ಆಟದಲ್ಲೂ ಹಾಗೇ ಅಣ್ಣಾ. ಕೊನೇ ರಾಕ್ಷಸನ್ನ ಬಡೀತಾನೇ ಇರ್ಬೇಕು, ಒಂದಲ್ಲ ಒಂದಿನ ಬೀಳ್ತಾನೆ. ಆದ್ರೂ ದನಿ ಸಿನಿಮಾ ನಾಯಕಿ ಥರ ಇದೆ. ಅಂಥವಳಿಗೆ ಇಂಥ ಮಾತಾ?”

“ನಾಯಕಿಯಂತೆ ನಾಯಕಿ! ಯಂತ್ರ ಅವರದು, ಅದರ ಮೊಳೆ ಅವರದು, ಮೇವು ಎಷ್ಟು ಅನ್ನೋದೂ ಅವರದು. ಬೇರೆ ಕಂಪನಿ ಅಂತ ಒಂದಾದ್ರೂ ಉಳಿದಿದ್ಯಾ? ಎಲ್ಲಾ ನುಂಗಿ ನೀರು ಕುಡಿದ್ರು. ನಾಳೆ ಹಸು ಕರು ಹಾಕೋಕೂ ಅವರನ್ನೇ ಕೇಳ್ಬೇಕೇನೋ.”

ಚಾಲಕ ಹಾಲಿನ ಕ್ಯಾನು ಎತ್ತಿಡುತ್ತ ಕೇಳಿದ: “ಮಗ ಒಪ್ಪಿರೋ ಹುಡುಗಿ ನೋಡೋಕೆ ಬರ್ತಾಳಂತಲ್ಲ. ಏನು ಕೆಲಸ ಅವಳಿಗೆ?”

“ಕೆಲಸವೇ? ಪಟ್ಟಣದಲ್ಲಿ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂರೋದಂತೆ. ಬೆಳಗಿಂದ ಸಂಜೆವರೆಗೂ ಹಾಡು ಕೇಳ್ತಾಳೋ ಏನೋ. ಅದಕ್ಕೂ ಸಂಬಳ! ನನ್ನ ಮಗನಿಗೆ ಗಂಟು ಬೀಳೋಕೆ ಈ ಹೆಡ್‌ಫೋನ್ ಸೋಮಾರಿನೇ ಬೇಕಿತ್ತಾ? ಬರ್ಲಿ, ಸೆಗಣಿ ವಾಸನೆಗೇ ಮೂಗು ಮುಚ್ಕೊಂಡು ಓಡ್ತಾಳೆ.”

ಚಾಲಕ ನಕ್ಕ. ಯಂತ್ರದ ಹಸಿರು ದೀಪ ಎಂದಿನಂತೆ ಮಿನುಗುತ್ತಿತ್ತು.

ಆಡಿದ್ದೇನೋ ಆಡಿಬಿಟ್ಟ. ಮನೆಗೆ ಬಂದು ಮಗನ ಮುಖ ಕಂಡಾಗ ನಾಲಿಗೆ ಕಚ್ಚಿಕೊಂಡ. ಮಗ ಬಡಗಿ, ಮಾತು ಕಡಿಮೆ. ಹಿಂದೊಮ್ಮೆ ಹೆಣ್ಣಿನ ಕಡೆಯವರು ಬಂದಿದ್ದರು. ಪಕ್ಕದ ಕೊಟ್ಟಿಗೆಯಿಂದ ತೂರಿಬಂದ ಆತನ ಬೈಗುಳ ಕೇಳಿ, ಕೊಟ್ಟ ನೀರನ್ನೂ ಕುಡಿಯದೆ ಎದ್ದುಹೋದರು. ಅವತ್ತು ಮಗ ಬೈಯಲಿಲ್ಲ, ಅಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ. ಆ ಬೆನ್ನನ್ನು ಆತ ಈಗಲೂ ಮರೆತಿಲ್ಲ.

“ಅಪ್ಪಾ, ಇವಳನ್ನ ಬಿಟ್ರೆ ನನಗೆ ಇನ್ಯಾರೂ ಬೇಡ. ನಿಮ್ಮ ಬಾಯಿ...”

“ಹೊಲಿಗೆ ಹಾಕ್ಕೋತೀನಿ ಕಣೋ.”

ವಾರ ಕಳೆದು ಒಂದು ಮಧ್ಯಾಹ್ನ ಹುಡುಗಿ ಬಂದಳು. ಆತ ಒಗೆದ ಅಂಗಿ ತೊಟ್ಟು ಗೇಟಿನ ಬಳಿ ಕಾದಿದ್ದ.

“ಬಾಮ್ಮಾ. ದಾರಿ ಸುಲಭವಾಗಿ ಸಿಕ್ತಾ?”

ಅವಳು ನಿಂತಲ್ಲೇ ನಿಂತಳು. ಅವನ ಬಾಯಿಯನ್ನೇ ನೋಡಿದಳು.

“ಮತ್ತೊಮ್ಮೆ ಹೇಳಿ ಮಾವ.”

ಹೆಡ್‌ಫೋನ್ ಹಾಕಿ ಹಾಕಿ ಕಿವಿ ಮಂದವಾಗಿರಬೇಕು ಎಂದುಕೊಂಡು ಆತ ಬಿಡಿಸಿ ಹೇಳಿದ. ಅವಳು ತಲೆಯಾಡಿಸಿದಳು. ಮುಖ ಬಿಳುಚಿತ್ತು. ಒಳಗೆ ಕೂತರೂ ಮಾತಿಲ್ಲ. ಬಂದ ದಾರಿಗೇ ಮನಸ್ಸು ತಿರುಗಿತೇನೋ ಎಂದು ಅಪ್ಪ ಮಗ ಇಬ್ಬರೂ ಒಳಗೊಳಗೇ ಬೆವೆತರು. ಕೊನೆಗೆ ಅವಳೇ ಕೇಳಿದಳು: “ಕೊಟ್ಟಿಗೆ ನೋಡಬಹುದಾ?”

ಹಾಲು ಕರೆಯುವ ಹೊತ್ತೇ ಆಗಿತ್ತು. ಕಪ್ಪು ಹಸು ಬಾಗಿಲ ಮುಂದೆ ಬಂದು ನಿಂತಿತ್ತು. ಅವಳು ಸೆಗಣಿ ದಾಟಿ ಬಂದಳು; ಮೂಗು ಮುಚ್ಚಲಿಲ್ಲ. ಆತ ಗಂಟಲು ಸರಿಮಾಡಿಕೊಂಡ.

“ಬಾಗಿಲು ತೆಗೆಯಮ್ಮ.”

“ಕ್ಷಮಿಸಿ, ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ.”

“ತಾಯಿ, ಸ್ವಲ್ಪ ಬಾಗಿಲು...”

“ಕ್ಷಮಿಸಿ, ಅರ್ಥವಾಗಲಿಲ್ಲ.”

ಹಸು ಕಾಲು ಬದಲಿಸಿತು. ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕತೊಡಗಿತು. ಬೈಗುಳ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆತ ಅದನ್ನು ಉಗುಳಿನ ಜೊತೆ ನುಂಗಿದ. ಒಂದು ಯಂತ್ರದೊಂದಿಗೂ ಮರ್ಯಾದೆಯಿಂದ ಮಾತಾಡಲು ಬಾರದವ ಎಂದು ಹುಡುಗಿ ಎದುರಿಗೇ ಬಯಲಾಗುತ್ತಿದೆಯಲ್ಲ ಎಂದು ಕಿವಿ ಬಿಸಿಯಾಯಿತು. ಮಗ ತಲೆ ತಗ್ಗಿಸಿ ದೂರ ಸರಿದು, ನೆಟ್ಟಗಿದ್ದ ಬಕೆಟ್ಟನ್ನೇ ಮತ್ತೆ ನೆಟ್ಟಗಿಡುತ್ತಿದ್ದ.

ಹುಡುಗಿ ಹತ್ತಿರ ಬಂದಳು. ಮಗನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು:

“ಹಸುಗೆ ನೋವಾಗ್ತಿದೆ ಮಾವ. ದಿನಾ ಬೈಯೋ ಹಾಗೇ ಬೈದುಬಿಡಿ.”

“ನಾನಾ? ಬೈಯೋದಾ? ಯಾರಮ್ಮ ಹೇಳಿದ್ದು?”

“ಕೊಟ್ಟಿಗೆಗಳಿಂದ ಬರೋ ದನಿ ಕೇಳಿ, ಯಾವ ಮಾತಿಗೆ ಯಂತ್ರ ಏನು ಮಾಡ್ಬೇಕು ಅಂತ ಬರೆಯೋದೇ ನನ್ನ ಕೆಲಸ. ಊರು, ಹೆಸರು ಏನೂ ಬರಲ್ಲ, ದನಿ ಅಷ್ಟೇ. ಕಿವುಡಿ ಅಂದ್ರೆ ಬಾಗಿಲು, ಮೂದೇವಿ ಅಂದ್ರೆ ನೀರು. ಅದಕ್ಕೆ ಹೇಳಿಕೊಟ್ಟವಳು ನಾನೇ.”

ಆತ ಹಸುವಿನ ಬೆನ್ನಿನ ಮೇಲೆ ಕೈಯಿಟ್ಟ.

“ಎಲ್ಲಾ ಕಲಿಸಿದೀನಿ ಮಾವ. ‘ಹೆಡ್‌ಫೋನ್ ಸೋಮಾರಿ’ ಅಂದಿದ್ರಲ್ಲ, ಅದಕ್ಕೆ ಮಾತ್ರ ಯಂತ್ರ ಏನು ಮಾಡ್ಬೇಕು ಅಂತ ತಿಳೀದೆ ಖಾಲಿ ಬಿಟ್ಟಿದ್ದೆ. ಅದನ್ನ ಅಂದಿದ್ದು ನನಗೇ ಅಂತ ಗೊತ್ತಾಗಿದ್ದು ಇವತ್ತು, ಗೇಟಿನ ಹತ್ರ.”