ಇಪ್ಪತ್ತಾರು ಡಿಗ್ರಿ

"ಸ್ವಿಚ್ಚಿನ ಮೇಲಿಂದ ಕೈ ತೆಗಿ, ಶಾರದ."

ಸುಮಿತ್ರಮ್ಮ ದನಿ ಏರಿಸಲಿಲ್ಲ. ಮೂವತ್ತೆರಡು ವರ್ಷ ಸರ್ಕಾರಿ ಶಾಲೆಯಲ್ಲಿ ಡ್ರಿಲ್ ಮೇಡಂ ಆಗಿದ್ದವರಿಗೆ ಅದರ ಅಗತ್ಯ ಬೀಳುತ್ತಿರಲಿಲ್ಲ. ನಾದಿನಿಯ ಕೈ ಎಸಿಯ ಸ್ವಿಚ್ಚಿನಿಂದ ತಾನಾಗಿ ಕೆಳಗಿಳಿಯಿತು.

"ಮೀನಿಗೆ ಎಸಿ ಹಾಕೋರನ್ನ ನಾನೆಲ್ಲೂ ಕಂಡಿಲ್ಲ ಅತ್ತಿಗೆ," ಶಾರದ ಸೆರಗು ಹೊದ್ದುಕೊಂಡಳು. "ನಮ್ಮ ಚಾಮರಾಜಪುರಂನಲ್ಲಿ ಹೇಳಿದ್ರೆ ನಗ್ತಾರೆ."

"ನಗಲಿ. ಇದು ಕಡಲ ಮೀನು. ನೀರು ಇಪ್ಪತ್ತಾರು ಡಿಗ್ರಿ ದಾಟಬಾರದು."

ರಾಮಕೃಷ್ಣನಗರದ ಆ ಮನೆಗೆ ಅಕ್ವೇರಿಯಂ ಬಂದದ್ದು ಫೆಬ್ರವರಿಯಲ್ಲಿ. ತಂದವಳು ಮೊಮ್ಮಗಳು ಬಿಂದು. ಉಪ್ಪುನೀರಿನ ಮೀನು, ಬಿಸಿಲು ತಾಗಬಾರದು, ಅಜ್ಜಿಯ ಕೋಣೆಯೇ ಸರಿ ಎಂದಳು. ಉಪ್ಪು ಬೆರೆಸುವುದು ತನ್ನ ಕೆಲಸ, ನೀರಿಗೆ ಬೇರೆ ಯಾರೂ ಕೈ ಹಾಕಬಾರದು, ಅಜ್ಜಿ ಥರ್ಮಾಮೀಟರ್ ನೋಡಿಕೊಂಡರೆ ಸಾಕು. ಎಸಿಯೂ ಮೀನಿನ ಜೊತೆಗೇ ಬಂತು.

ಹಿಂದಿನ ಬೇಸಿಗೆಯಲ್ಲಿ ಮಗ ವಿಜಯ್‌ಕುಮಾರ್ ತರಿಸಿದ್ದ ಎಸಿಯನ್ನು ಸುಮಿತ್ರಮ್ಮ ಗೇಟಿನಿಂದಲೇ ವಾಪಸು ಕಳಿಸಿದ್ದರು. ಖೋಖೋ ಮೈದಾನದಲ್ಲಿ ಬೆಂದ ಮೈ ಇದು, ಯಂತ್ರದ ಗಾಳಿ ಬೇಡ ಎಂದಿದ್ದರು. ಮಹಡಿಯ ಮೇಲೆ ಸಂಡಿಗೆ ಹರವುವಾಗ ತಲೆಸುತ್ತಿ ಬಿದ್ದು, ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದ ಮೇಲೂ ಅದೇ ಮಾತು. ಆದರೆ ಮೀನಿನ ವಿಷಯಕ್ಕೆ ಯಾರಾದರೂ ಎದುರಾಡಿದರೆ ಮನೆಯೇ ನಡುಗುತ್ತಿತ್ತು. ಕರೆಂಟ್ ಬಿಲ್ಲಿನ ಬಗ್ಗೆ ಗೊಣಗಿದ ಮಗ ಒಂದು ವಾರ ಅವರ ಕೋಣೆಯ ಕಡೆ ತಲೆ ಹಾಕಿರಲಿಲ್ಲ.

"ನನ್ನ ಅಳಿಯನ್ನೇ ಕರೆಸ್ತೀನಿ," ಎಂದಳು ಶಾರದ. ಅಳಿಯ ಗೌತಮ್‌ಗೆ ವಿಜಯನಗರದಲ್ಲಿ ಅಕ್ವೇರಿಯಂ ಅಂಗಡಿಯಿತ್ತು. "ಎಸಿ ಬೇಕೋ ಬೇಡವೋ ಅವನೇ ಹೇಳಲಿ."

"ಕರೆಸು."

ಮಧ್ಯಾಹ್ನ ಒಂದಕ್ಕೆ ಕರೆಂಟು ಹೋಯಿತು. ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಬರುವುದು ಸಂಜೆಯೇ ಎಂದು ಪಕ್ಕದ ಮನೆಯವರು ಕೂಗಿ ಹೇಳಿದರು. ಯುಪಿಎಸ್‌ಗೆ ಫ್ಯಾನು ಓಡಿಸುವಷ್ಟೇ ತ್ರಾಣ. ಹೊರಗೆ ಏಪ್ರಿಲ್ ಬಿಸಿಲು. ನೀರು ಇಪ್ಪತ್ತೇಳಕ್ಕೆ ಏರಿತು. ಆಮೇಲೆ ಇಪ್ಪತ್ತೆಂಟೂವರೆ.

"ಬಿಟ್ಬುಡಿ ಅತ್ತಿಗೆ. ಹೋದ್ರೆ ಹೋಗ್ಲಿ, ಮೀನು ತಾನೆ."

"ನನ್ನ ಕೋಣೇಲಿ ಯಾವ ಜೀವಾನೂ ಬಿಸಿಲಿಗೆ ಸೋತು ಹೋಗಲ್ಲ."

ಸುಮಿತ್ರಮ್ಮ ಕಿಟಕಿಗಳಿಗೆ ಒದ್ದೆ ಬೆಡ್‌ಶೀಟ್ ಕಟ್ಟಿದರು. ಫ್ರಿಜ್‌ನಲ್ಲಿ ಗಟ್ಟಿಯಾಗಿದ್ದ ನೀರಿನ ಬಾಟಲಿಗಳನ್ನು ಮುಚ್ಚಳ ಬಿಗಿದು ಅಕ್ವೇರಿಯಂನಲ್ಲಿ ತೇಲಿಬಿಟ್ಟರು. ಮೇಲಿನ ಮುಚ್ಚಳ ತೆಗೆದು, ನೀರಿನ ಮೇಲೆ ಹಾದುಹೋಗುವಂತೆ ಟೇಬಲ್ ಫ್ಯಾನು ತಿರುಗಿಸಿದರು. ಕಣ್ಣಿಟ್ಟಿರಬೇಕೆಂದು ಕುರ್ಚಿಯನ್ನು ಗಾಳಿಯ ದಾರಿಗೇ ಎಳೆದುಕೊಂಡು, ಕತ್ತಿಗೊಂದು ಒದ್ದೆ ಟವೆಲ್ ಸುತ್ತಿ ಕೂತರು. ಶಾರದಳನ್ನು ಪಕ್ಕದ ಮನೆಗೆ ಐಸಿಗೆ ಓಡಿಸಿದರು. ಶಾರದ ಗೊಣಗಿದಳು, ಆದರೆ ಓಡಿದಳು. ಮೂರು ಸಲ.

ನಡುವೆ ಕಾಲೇಜಿನಿಂದ ಬಿಂದು ಫೋನ್ ಮಾಡಿದಳು. "ಕರೆಂಟಿಲ್ವಂತೆ? ಅಜ್ಜಿ, ನೀವು ನೀರು ಕುಡಿದ್ರಾ? ತಲೆ ಸುತ್ತುತ್ತಿಲ್ಲ ತಾನೆ?"

"ನಾನು ಕಲ್ಲುಗುಂಡು ಇದ್ದ ಹಾಗಿದೀನಿ. ನಿನ್ನ ಮೀನು ಇಪ್ಪತ್ತೆಂಟರಲ್ಲಿವೆ. ಇಪ್ಪತ್ತೊಂಬತ್ತಾಗೋಕೆ ನಾನು ಬಿಡಲ್ಲ. ನೀನು ಗಾಬರಿ ಬೀಳ್ಬೇಡ."

ಐದಕ್ಕೆ ಕರೆಂಟು ಬಂತು. ಎಸಿ ಗುಂಯ್‌ಗುಟ್ಟಿತು. ನೀರು ಇಪ್ಪತ್ತೊಂಬತ್ತು ಮುಟ್ಟಿರಲಿಲ್ಲ. ಒಂದು ಮೀನೂ ಸತ್ತಿರಲಿಲ್ಲ. ಸುಮಿತ್ರಮ್ಮ ಮೈದಾನದಲ್ಲಿ ಪಂದ್ಯ ಗೆದ್ದವರಂತೆ ಶಾರದಳ ಕಡೆ ನೋಡಿದರು.

ಗೌತಮ್ ಬಂದದ್ದು ಆಗಲೇ. ಅವನ ಹಿಂದೆಯೇ, ಗೇಟಿನಿಂದ ಓಡುತ್ತ, ಬಿಂದು. ಬೆವರಿನಲ್ಲಿ ತೊಯ್ದಿದ್ದಳು. "ನೀರು ಮುಟ್ಟಬೇಡಿ," ಎನ್ನುವಷ್ಟರಲ್ಲಿ ಗೌತಮ್ ಬಗ್ಗಿ ಮೀನುಗಳನ್ನು ನೋಡಿ, ಬೆರಳದ್ದಿ, ನಾಲಿಗೆಗೆ ಮುಟ್ಟಿಸಿ ಆಗಿತ್ತು.

ಅವನ ಹುಬ್ಬು ಗಂಟಾಯಿತು.

"ಅಮ್ಮ, ಇದರಲ್ಲಿ ಉಪ್ಪೇ ಇಲ್ಲ. ನಲ್ಲಿ ನೀರು. ಇವು ಗಪ್ಪಿ ಮೀನು. ಸೊಳ್ಳೆ ಮರಿ ತಿನ್ನಲಿ ಅಂತ ತೊಟ್ಟಿಗೆ ಬಿಡ್ತಾರಲ್ಲ, ಅದೇ ಜಾತಿ, ಸ್ವಲ್ಪ ಬಣ್ಣದ್ದು. ನನ್ನ ಅಂಗಡಿ ಮುಂದೆ ಸಿಮೆಂಟ್ ತೊಟ್ಟೀಲಿ ಬಿಸಿಲಲ್ಲೇ ಇರ್ತವೆ. ಇವಕ್ಕೆ ಎಸಿ ಯಾಕೆ?"

ನಗಲು ಬಾಯಿ ತೆರೆದ ಶಾರದ, ಬಿಂದುವಿನ ಮುಖ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇನ್ನೊಂದ್ಸಲ ಹಂಗೆ ಬಿಸಿಲು ತಾಗಿದ್ರೆ ಅಜ್ಜಿ ಉಳಿಯಲ್ಲ ಅಂದಿದ್ರು ಡಾಕ್ಟರು," ಬಿಂದು ನೆಲ ನೋಡುತ್ತ ಹೇಳಿದಳು. "ಅಜ್ಜಿಗೆ ಅಂತ ಎಸಿ ತಂದ್ರೆ ಒಳಗೇ ಬಿಡ್ತಿರಲಿಲ್ಲ. ಮೀನಿಗೆ ಅಂದ್ರೆ ಬೇಡ ಅನ್ನಲ್ಲ ಅಂತ..."

ಸುಮಿತ್ರಮ್ಮ ಮೊಮ್ಮಗಳ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಗೌತಮ್‌ನತ್ತ ತಿರುಗಿದರು.

"ಇವಳು ತಂದ ದಿನವೇ ನಾನೂ ಬೆರಳದ್ದಿ ನೆಕ್ಕಿ ನೋಡಿದ್ದೆ ಕಣಪ್ಪ. ಕದ ಹಾಕು, ತಂಪೆಲ್ಲ ಆಚೆ ಹೋಗ್ತಿದೆ."